ಕನ್ನಡಿ ಮೇಸ್ತ್ರಿ ಒರೆಸಿದ ಬಾನೆಟ್

ಊಟಕ್ಕೆ ಕೂತಾಗ ಮಾವ ಮೊದಲು ತಟ್ಟೆಯನ್ನು ಎತ್ತಿ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚಿ, ಬೆಳಕು ತಟ್ಟೆಯ ಮೇಲೆ ಹೇಗೆ ಜಾರುತ್ತದೆ ಎಂದು ನೋಡುತ್ತಾರೆ. ಆಮೇಲೆಯೇ ಊಟ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಇದನ್ನು ಕಂಡು ಅಳುವೇ ಬಂದಿತ್ತು. ತಾನು ತೊಳೆದ ಪಾತ್ರೆಯಲ್ಲಿ ಕೊಳೆ ಹುಡುಕುತ್ತಿದ್ದಾರೆ ಎಂದುಕೊಂಡಿದ್ದಳು.

"ಅಯ್ಯೋ, ಅದು ನಿನ್ನ ಮೇಲಿನ ಸಿಟ್ಟಲ್ಲಮ್ಮ," ಎಂದು ಅತ್ತೆ ನಕ್ಕಿದ್ದರು. "ಮೊದಲನೇ ಸಲ ನನ್ನ ಮುಖಾನೂ ಹೀಗೇ ಓರೆಯಾಗಿ ನೋಡಿದ್ರು. ಎಲ್ಲಾದ್ರೂ ಡೊಂಕು ಇದ್ಯಾ ಅಂತ."

"ಇತ್ತು. ಹೇಳ್ಲಿಲ್ಲ ಅಷ್ಟೇ," ಎಂದಿದ್ದರು ಮಾವ, ತಟ್ಟೆಯಿಂದ ಕಣ್ಣು ತೆಗೆಯದೆ.

ಮೂವತ್ತೆಂಟು ವರ್ಷ ಅವರು ಒಂದೇ ವರ್ಕ್‌ಶಾಪಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವರು. ಮೆಕ್ಯಾನಿಕ್ ಕೈ ತೊಳೆದುಕೊಂಡ ಮೇಲೆ, ಟಿಂಕರ್ ತಗ್ಗುಗಳನ್ನೆಲ್ಲ ತಟ್ಟಿ ಎಬ್ಬಿಸಿದ ಮೇಲೆ, ಕೊನೆಗೆ ಗಾಡಿ ಇವರ ಕೈಗೆ ಬರುತ್ತಿತ್ತು. ಇವರು ಬಣ್ಣ ಹೊಡೆದ ಬಾಗಿಲ ಮುಂದೆ ನಿಂತು ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದರಂತೆ. ಹಾಗಾಗಿ ಕನ್ನಡಿ ಮೇಸ್ತ್ರಿ ಎಂಬ ಹೆಸರು ಅಂಟಿತು. ಸಾವಿರಾರು ಕಾರು ಮಿಂಚಿಸಿದ ಮನುಷ್ಯ ಮನೆಗೆ ಬರುತ್ತಿದ್ದುದು ಮಾತ್ರ ಸೈಕಲ್ಲಿನಲ್ಲಿ. ಅವರ ಕಿವಿಯ ಸಂದಿ ನೋಡಿಯೇ ಅತ್ತೆ ಆವತ್ತಿನ ಬಣ್ಣ ಯಾವುದೆಂದು ಹೇಳುತ್ತಿದ್ದರು.

ನಿವೃತ್ತಿಯಾದಾಗ ಮಾವ ತಮ್ಮ ಸ್ಪ್ರೇ ಗನ್ನನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಹಿಂದೆಯೇ ಕಂಪ್ರೆಸರ್ ಕೈಗಾಡಿಯಲ್ಲಿ ಬಂತು. ಮನೆಯ ಪಕ್ಕದ ಶೆಡ್ಡಿನಲ್ಲಿ ಮುರಿದ ಕುರ್ಚಿ, ಹಳೇ ಪೇಪರು ಇದ್ದದ್ದನ್ನೆಲ್ಲ ಖಾಲಿ ಮಾಡಿ ಎರಡು ವಾರ ಸುಮ್ಮನೆ ಬಾಗಿಲಲ್ಲಿ ಕೂತರು. ಆಮೇಲೆ ಎರಡು ಬೀದಿ ಆಚೆ, ನಿವೃತ್ತ ಟೀಚರೊಬ್ಬರ ಹಿತ್ತಲಲ್ಲಿ ಒಂದು ಕಾರು ಕಣ್ಣಿಗೆ ಬಿತ್ತು. ಗುಂಡಗಿನ ದೀಪ, ಉಬ್ಬಿದ ಬಾನೆಟ್, ಹಿಂದಿನ ಸೀಟಿನಲ್ಲಿ ಮರಿ ಹಾಕಿದ ಬೆಕ್ಕು. "ತಗೊಂಡು ಹೋಗಿ ಮೇಸ್ತ್ರಿ, ಹಿತ್ತಲು ಖಾಲಿ ಆದ್ರೆ ಸಾಕು. ಆದ್ರೆ ಮರಿಗಳು ಕಣ್ಣು ಬಿಡೋವರೆಗೆ ಕಾಯ್ಬೇಕು," ಎಂದರು ಟೀಚರ್. ಮಾವ ಕಾದರು.

ಅದೇ ದಿನಗಳಲ್ಲಿ ಇನ್ನೊಂದು ಶುರುವಾಗಿತ್ತು. ಒಮ್ಮೆ ಮಾವ ಒಲೆಯ ಮೇಲೆ ಹಾಲಿಟ್ಟು ಮರೆತರು. ಪಾತ್ರೆ ಕಪ್ಪಾಗಿ, ಅಡುಗೆಮನೆಯೆಲ್ಲ ಹೊಗೆ. ಇನ್ನೊಂದು ದಿನ ಅಂಗಡಿಯಿಂದ ಬರುವಾಗ, ನಲವತ್ತು ವರ್ಷ ತಿರುಗಿದ ಅದೇ ತಿರುವಿನಲ್ಲಿ, ಎಡಕ್ಕೋ ಬಲಕ್ಕೋ ತಿಳಿಯದೆ ನಿಂತುಬಿಟ್ಟರು. ಪಕ್ಕದ ಮನೆಯವರು ಕರೆತಂದರು. ವಯಸ್ಸು, ನಿದ್ದೆ ಕಡಿಮೆ, ಗಾಬರಿ ಬೇಡ, ಆದರೂ ಒಂದು ಕಣ್ಣಿಟ್ಟಿರಿ ಎಂದರು ಡಾಕ್ಟರು. ಮನೆಯವರೆಲ್ಲ ಕಣ್ಣಿಟ್ಟರು. ಕಣ್ಣಿಟ್ಟಿದ್ದಾರೆಂಬುದು ಮಾವನಿಗೂ ಗೊತ್ತಾಯಿತು.

"ಅಪ್ಪಾ, ಬಣ್ಣಕ್ಕೆ ಬೆರೆಸೋ ಥಿನ್ನರ್ ಅಂದ್ರೆ ಬೆಂಕಿ. ಮನೇಲಿ ಕೂಸು ಬೇರೆ ಇದೆ," ಎಂದ ಮಗ ಒಂದು ಸಂಜೆ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಮಾವ ತಾವೇ ಹೇಳಿದರು: "ಇದೊಂದು ಕಾರು ಮಾಡ್ತೀನಿ. ಇದ್ರಲ್ಲಿ ಒಂದೇ ಒಂದು ಕೆಲಸ ಮರೆತು ಬಿಟ್ಟೆ ಅಂದ್ರೂ, ನೀವ್ಯಾರೂ ಹೇಳೋದು ಬೇಡ, ನಾನೇ ಗನ್ ತೆಗೆದು ಕೊಟ್ಬಿಡ್ತೀನಿ."

ಯಾರಿಗೆ ಕೊಡುವುದೆಂಬುದೂ ಗೊತ್ತಿದ್ದದ್ದೇ. ಹಿಂದೆ ಇವರ ಕೈಕೆಳಗೆ ದುಡಿದು ಈಗ ಸ್ವಂತ ಗ್ಯಾರೇಜು ಇಟ್ಟವನೊಬ್ಬನಿದ್ದ. ಬಂದಾಗಲೆಲ್ಲ ಆ ಗನ್ನಿನ ಮೇಲೆ ಕೈಯಾಡಿಸಿ, "ಮೇಸ್ತ್ರಿ, ಇದು ಇನ್ಯಾರಿಗೂ ಹೋಗ್ಬಾರ್ದು," ಎನ್ನುತ್ತಿದ್ದ.

ನಾಲ್ಕು ತಿಂಗಳು ಕೆಲಸ ನಡೆಯಿತು. ತುಕ್ಕು ಹಿಡಿದ ಕಡೆ ತಗಡು ಕತ್ತರಿಸಿ ಹೊಸದು ಬೆಸೆದದ್ದಾಯಿತು, ತಗ್ಗಿಗೆ ಪುಟ್ಟಿ ಮೆತ್ತಿದ್ದಾಯಿತು. ಮಗು ಮಲಗಿದ ಮೇಲೆ ಸೊಸೆ ಚಹಾ ಹಿಡಿದು ಶೆಡ್ಡಿನ ಮೆಟ್ಟಿಲ ಮೇಲೆ ಕೂರುವಳು. ನೀರು ಹಾಕಿ ಹಾಕಿ ಮಾವ ಉಜ್ಜುಕಾಗದದಲ್ಲಿ ಉಜ್ಜುವಾಗ ಹಳೇ ಬಣ್ಣಗಳು ಒಂದರ ಒಳಗಿಂದ ಒಂದು ಉಂಗುರಗಳ ಹಾಗೆ ಏಳುತ್ತಿದ್ದವು. ಮೇಲೆ ಕೆಂಪು, ಅದರಡಿ ಬಿಳಿ, ಅದರಡಿ ಬೂದಿ. ಎಲ್ಲಕ್ಕಿಂತ ಒಳಗೆ, ಬಿಸಿಲೇ ಕಾಣದ ಡ್ಯಾಶ್‌ಬೋರ್ಡಿನ ಹಿಂದೆ, ಒಂದು ಬೆರಳಗಲದಷ್ಟು ತಿಳಿನೀಲಿ ಸಿಕ್ಕಿತು. ಒಂದು ಬಟ್ಟಲು ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದಂಥ ನೀಲಿ.

"ಹುಟ್ಟಿದ ಬಣ್ಣ ಇದು," ಎಂದರು ಮಾವ. "ಇದನ್ನೇ ಹೊಡೀತೀನಿ."

ಅವರ ಒಂದು ಪರೀಕ್ಷೆ ಸೊಸೆಗೆ ಬಲು ಇಷ್ಟ. ಒರೆಸಿದ ತಗಡಿನ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದರು. "ನೋಡಮ್ಮ, ನೀರು ಹಾಸಿಗೆ ಹಾಸಿದ ಹಾಗೆ ಒಂದೇ ಸಮ ಹರಡಿದ್ರೆ ತಗಡು ಶುದ್ಧ. ಮುತ್ತುಮುತ್ತಾಗಿ ಓಡಿಹೋದ್ರೆ ಎಲ್ಲೋ ಎಣ್ಣೆ ಇದೆ. ಎಣ್ಣೆ ಇರೋ ಕಡೆ ಬಣ್ಣ ಕೂರಲ್ಲ, ದೂರ ಸರಿದು ಗುಳಿ ಬೀಳುತ್ತೆ. ಮೀನಿನ ಕಣ್ಣಿನ ಹಾಗೆ ದುಂಡಗೆ."

ಬಣ್ಣ ಹೊಡೆಯುವ ದಿನ ಮನೆಯಲ್ಲಿ ಕರ್ಫ್ಯೂ. ಬಟ್ಟೆ ಒಣಹಾಕುವಂತಿಲ್ಲ, ಕಸ ಗುಡಿಸುವಂತಿಲ್ಲ, ಮುಖ್ಯವಾಗಿ ಒಲೆಯ ಮೇಲೆ ಎಣ್ಣೆ ಕಾಯಿಸುವಂತಿಲ್ಲ. "ಆಪರೇಷನ್ ಥಿಯೇಟರ್ರೇ ಆಗಿದೆ. ಒಣ ಬ್ರೆಡ್ಡು ತಿಂದು ಸಾಯ್ತೀನಿ," ಎಂದು ಅತ್ತೆ ಗೊಣಗಿದರು. ಮಾವ ಶೆಡ್ಡಿನ ಗೋಡೆಗೆಲ್ಲ ಪ್ಲಾಸ್ಟಿಕ್ ಹಾಳೆ ಕಟ್ಟಿ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದ್ದರು. ಕೊನೆಯ ಸಲ ಒರೆಸಲು ಇಟ್ಟುಕೊಂಡಿದ್ದ ಬಟ್ಟೆಗಳನ್ನು ಸೊಸೆ ನೋಡಿದಳು: ಹರಿದ ಅಂಗಿಯ ತುಂಡುಗಳು, ಅಂಚಲ್ಲೆಲ್ಲ ನೂಲು ಬಿಟ್ಟಿವೆ.

"ಇದ್ರಲ್ಲಿ ಒರೆಸಿದ್ರೆ ಎಳೆ ಅಂಟಲ್ವಾ ಮಾವ?"

"ಅಂಟಬಾರ್ದು ಅಂತಾನೇ ಮೆತ್ತಗೆ ಒರೆಸ್ತೀನಿ."

ಸೊಸೆ ಒಳಗೆ ಓಡಿದಳು. ಮಗುವಿನ ಬಟ್ಟೆಯ ಡಬ್ಬದಲ್ಲಿ, ಐವತ್ತು ಸಲ ಒಗೆದು ಬೆಣ್ಣೆಯಷ್ಟು ಮೆತ್ತಗಾದ ಬಿಳಿ ಚೌಕಗಳಿದ್ದವು. ಅದಕ್ಕಿಂತ ಮೃದುವಾದ ವಸ್ತು ಆ ಮನೆಯಲ್ಲಿರಲಿಲ್ಲ. ನಾಲ್ಕು ತಂದು ಮಡಿಚಿ ಕೊಟ್ಟಳು. ಮಾವ ಒಂದನ್ನು ಕೆನ್ನೆಗೆ ತಾಗಿಸಿ ನೋಡಿ, ಒಳಗೆ ತೆಗೆದುಕೊಂಡು ಹೋದರು.

ಬಾಗಿಲು ಮುಚ್ಚಿತು. ಕಂಪ್ರೆಸರ್ ಗುರ್ ಎಂದಿತು. ಆಮೇಲೆ ಗನ್ನಿನ ಸದ್ದು, ಸುಂಯ್, ಸುಂಯ್, ಒಂದೇ ಅಳತೆಯ ಉಸಿರಿನ ಹಾಗೆ. ಒಂದು ಗಂಟೆಯಾದ ಮೇಲೆ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು ಸೊಸೆಯೇ ತಳ್ಳಿ ನೋಡಿದಳು.

ಹಿಂಭಾಗ, ಎರಡೂ ಪಕ್ಕದ ಬಾಗಿಲುಗಳು ಹೊಳೆಯುತ್ತಿದ್ದವು. ಬಾನೆಟ್ಟಿನ ಮೇಲೂ ಕಾರಿನ ಚಾವಣಿಯ ಮೇಲೂ ಮಾತ್ರ ನೂರಾರು ಗುಳಿಗಳು. ದುಂಡಗೆ, ರೆಪ್ಪೆ ಮಿಟುಕಿಸದೆ ನೋಡುವ ಮೀನಿನ ಕಣ್ಣುಗಳು.

ಮಾವ ಮುಖದ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ನಿಂತಿದ್ದರು. ಹೊರಗೆ ಬಂದು ಮೊದಲು ಅತ್ತೆಯನ್ನು ಕೇಳಿದರು: "ಏನೇ, ಎಣ್ಣೆ ಕಾಯಿಸಿದ್ಯಾ?"

"ಎಣ್ಣೆ? ಬೆಳಿಗ್ಗೆಯಿಂದ ಬ್ರೆಡ್ಡಿನ ಅಂಚು ಕಡಿದು ಕಡಿದು ನನ್ನ ಹಲ್ಲು ಸವೆದಿದೆ! ಬಾಣಲೆ ಮುಟ್ಟಿ ನೋಡಿ ಬೇಕಾದ್ರೆ!"

ಅವರು ನಿಜಕ್ಕೂ ಹೋಗಿ ಬಾಣಲೆ ಮುಟ್ಟಿದರು. ತಣ್ಣಗಿತ್ತು. ಕಂಪ್ರೆಸರಿನ ಪೈಪು ಬಿಚ್ಚಿ ಬಿಳಿ ಕಾಗದಕ್ಕೆ ಗಾಳಿ ಊದಿದರು. ಒಂದು ಚುಕ್ಕೆ ಎಣ್ಣೆ ಇಲ್ಲ. ಕೊನೆಗೆ ಮೆಟ್ಟಿಲ ಮೇಲೆ ಕುಳಿತು ತಮ್ಮ ಎರಡೂ ಅಂಗೈ ನೋಡಿಕೊಂಡರು.

"ಬಾನೆಟ್ ಒರೆಸಿದ್ನೋ ಇಲ್ವೋ," ಎಂದರು, ಯಾರಿಗೂ ಅಲ್ಲ ಎಂಬಂತೆ. "ಒರೆಸಿದೆ ಅಂತಾನೇ ನೆನಪು. ಆದ್ರೆ ಆವತ್ತು ಹಾಲಿನ ಒಲೆ ಆರಿಸಿದೆ ಅಂತಾನೂ ನೆನಪಿತ್ತು."

ಸೊಸೆ ಏನಾದರೂ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮಾವ ಎದ್ದು ಹೋಗಿ ಗ್ಯಾರೇಜಿನವನಿಗೆ ಫೋನು ಮಾಡಿದರು. "ಭಾನುವಾರ ಬಂದು ತಗೊಂಡು ಹೋಗಪ್ಪ," ಎಂದಷ್ಟೇ ಕೇಳಿಸಿತು. ಆ ದಿನ ಊಟಕ್ಕೆ ಕೂತಾಗ ಅವರು ತಟ್ಟೆ ಎತ್ತಿ ನೋಡಲಿಲ್ಲ. ಅತ್ತೆ ತಟ್ಟೆಯ ಕಡೆ ನೋಡಿದರು, ಮಗ ಅಮ್ಮನ ಕಡೆ ನೋಡಿದ.

ಮರುದಿನ ಬೆಳಿಗ್ಗೆ, ಶುಕ್ರವಾರ, ಸೊಸೆ ಮಗುವಿಗೆ ಎಂದಿನಂತೆ ಎಣ್ಣೆ ತಿಕ್ಕಿದಳು. ತೊಡೆ, ಮೊಣಕೈ, ಕತ್ತಿನ ಮಡಿಕೆ. ಹೆಚ್ಚಾದ ಎಣ್ಣೆಯನ್ನು ಒಂದು ಬಿಳಿ ಚೌಕದಲ್ಲಿ ಒರೆಸಿದಳು. ಮಗು ಕಾಲು ಝಾಡಿಸಿ ನೀರಿನ ಲೋಟ ಉರುಳಿಸಿತು. ನೀರು ಬಟ್ಟೆಯ ಮೇಲೆ ಬಿತ್ತು, ಇಂಗಲಿಲ್ಲ. ಮುತ್ತುಮುತ್ತಾಗಿ ಉರುಳಿ ನೆಲಕ್ಕೆ ಇಳಿಯಿತು.

ನಿನ್ನೆ ಮಾವನಿಗೆ ಮಡಿಚಿ ಕೊಟ್ಟದ್ದೂ ಇಂಥವೇ ಚೌಕಗಳು.

ಮಗುವನ್ನು ಸೊಂಟಕ್ಕೇರಿಸಿಕೊಂಡು ಡಬ್ಬದಿಂದ ಒಗೆದ ಚೌಕವೊಂದನ್ನು ತೆಗೆದಳು. ಒಗೆದರೂ ಒಗೆದರೂ ಏಳು ತಿಂಗಳ ಎಣ್ಣೆ ನೂಲಿನೊಳಗೇ ಉಳಿದಿತ್ತು. ಅದಕ್ಕೇ ಅಷ್ಟು ಮೆತ್ತಗೆ! ಸ್ಟೀಲು ತಟ್ಟೆಯನ್ನು ಸೋಪು ಹಾಕಿ ತೊಳೆದು, ಅರ್ಧ ಭಾಗ ಮಾತ್ರ ಆ ಬಟ್ಟೆಯಲ್ಲಿ ಒರೆಸಿ, ನಲ್ಲಿಯ ಕೆಳಗೆ ಹಿಡಿದಳು. ಒಂದು ಕಡೆ ನೀರು ಹಾಸಿಗೆ ಹಾಸಿತು. ಇನ್ನೊಂದು ಕಡೆ ಮುತ್ತು ಪೋಣಿಸಿತು.

ಹೇಳುವುದಕ್ಕೆ ಹೆದರಿಕೆಯಾಯಿತು. ನಾಲ್ಕು ತಿಂಗಳ ಕೆಲಸ ಅವಳ ಕೈಯಿಂದಲೇ ಕೆಟ್ಟಿತ್ತು. ಆದರೆ ನಿನ್ನೆ ಆ ಮನುಷ್ಯ ಅಂಗೈ ನೋಡಿಕೊಂಡ ರೀತಿ ಕಣ್ಣ ಮುಂದೆ ಬಂತು. ತಟ್ಟೆ ಹಿಡಿದು ಶೆಡ್ಡಿಗೆ ನಡೆದಳು. ಮಾವ ಗನ್ನನ್ನು ಬಿಡಿಬಿಡಿಯಾಗಿ ಬಿಚ್ಚಿ ತೊಳೆದು, ಡಬ್ಬಕ್ಕೆ ತುಂಬುತ್ತಿದ್ದರು.

"ಮಾವ, ಬಾನೆಟ್ಟೂ ಚಾವಣಿನೂ ಯಾವ ಬಟ್ಟೇಲಿ ಒರೆಸಿದ್ರಿ?"

"ಒರೆಸಿದ್ರೆ ತಾನೇ."

"ಒರೆಸಿದೀರಿ. ನಾನು ಕೊಟ್ಟ ಬಟ್ಟೇಲೇ ಒರೆಸಿದೀರಿ. ಬಾಗಿಲುಗಳಿಗೆ, ಹಿಂಭಾಗಕ್ಕೆ ಅಂಗಿ ತುಂಡು. ಮುಖ್ಯವಾದ ಕಡೆ ಮೆತ್ತಗಿನ ಬಟ್ಟೆ. ಹೌದಾ ಅಲ್ವಾ?" ತಟ್ಟೆಯ ಮೇಲೆ ಚೊಂಬಿನಿಂದ ನೀರು ಸುರಿದಳು. "ನೋಡಿ. ಮಗು ಎಣ್ಣೆ. ತಪ್ಪು ನಂದು ಮಾವ."

ಮಾವ ತಟ್ಟೆಯನ್ನು ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದರು. ಒಂದು ಕಣ್ಣು ಮುಚ್ಚಿದರು. ಆಮೇಲೆ ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಹಾಗೇ ಬಗ್ಗಿ ನೋಡಿದರು. ಗುಳಿಗಳು ಚೆಲ್ಲಾಪಿಲ್ಲಿ ಬಿದ್ದಿರಲಿಲ್ಲ. ಒಂದರ ಪಕ್ಕ ಒಂದು ಕಮಾನಿನ ಹಾಗೆ, ಬಲಗೈ ಬೀಸಿ ಒರೆಸಿದ ಗುರುತಿನ ಹಾಗೆ ಸಾಲಾಗಿ ನಿಂತಿದ್ದವು.

"ಇದು ನನ್ನ ಕೈ ಬೀಸು," ಎಂದರು ಮೆಲ್ಲಗೆ. ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಏನೇ! ಬಾರೇ ಇಲ್ಲಿ! ನಾನು ಒರೆಸಿದ್ದೆ ಕಣೇ! ಮೂಲೆಮೂಲೇನೂ ಒರೆಸಿದೀನಿ!"

ಅತ್ತೆ ಓಡಿಬಂದರು. ವಿಷಯ ತಿಳಿದು ಸೊಸೆಯ ಕಡೆ ತಿರುಗಿ, "ಅಲ್ಲಮ್ಮ, ನಾನು ಒಂದು ದಿನ ಎಣ್ಣೆ ಇಲ್ದೆ ಒದ್ದಾಡಿದ್ದು ನೀನು ಹೀಗೆ ಕದ್ದು ತಂದು ಸುರಿಯೋಕಾ?" ಎಂದರು. ಸೊಸೆ ಅಳುತ್ತಲೇ ನಕ್ಕಳು. ತನ್ನ ತಪ್ಪು ಕಂಡು ಒಬ್ಬ ಮನುಷ್ಯ ಇಷ್ಟು ಖುಷಿಪಟ್ಟದ್ದನ್ನು ಅವಳು ಈ ಜನ್ಮದಲ್ಲಿ ನೋಡಿರಲಿಲ್ಲ.

ಆ ಇಡೀ ದಿನ ಬಣ್ಣ ಒಣಗಿತು. ಶನಿವಾರ ಗುಳಿಗಳೆಲ್ಲ ಮಟ್ಟವಾಗುವವರೆಗೆ ಉಜ್ಜಿದರು, ಮಗನೂ ರಜೆ ಹಾಕಿ ಕೈಜೋಡಿಸಿದ. ಭಾನುವಾರ ಬೆಳಿಗ್ಗೆ ಸೊಸೆ ಒಂದು ಹಾಳೆಯಲ್ಲಿ ಕೆಲಸಗಳನ್ನು ಸಾಲಾಗಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದಳು. ಮಗುವಿನ ಹಾಲು, ಲಸಿಕೆಗಳನ್ನು ಅವಳು ಹೀಗೇ ಬರೆದಿಡುವವಳು. "ಇದು ನಿಮಗೆ ಮರೆವು ಅಂತಲ್ಲ ಮಾವ. ನನಗೇ ಬರೀದಿದ್ರೆ ಯಾವ ಕಡೆ ಹಾಲು ಕೊಟ್ಟೆ ಅಂತ ನೆನಪಿರಲ್ಲ."

ಮಾವ ಹಾಳೆ ಓದಿದರು. ಪೆನ್ನು ಕೇಳಿ ತೆಗೆದುಕೊಂಡು, ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆದರು: ಸೊಸೆ ಕೊಟ್ಟ ಬಟ್ಟೆ ಮುಟ್ಟಬಾರದು.

ಬಾನೆಟ್ಟಿಗೂ ಚಾವಣಿಗೂ ಮತ್ತೆ ಬಣ್ಣ ಹೊಡೆದು ಮುಗಿಸಿ, ಗ್ಯಾರೇಜಿನವನು ಬಂದಾಗ ಮಧ್ಯಾಹ್ನ ದಾಟಿತ್ತು. ಶೆಡ್ಡಿನ ಬಾಗಿಲು ಹಾರೊಡೆದು ತೆರೆದಿತ್ತು. ಅತ್ತೆ ಬಾನೆಟ್ಟಿನ ಮೇಲೆ ಬಗ್ಗಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದರು.

"ನನ್ನ ಮುಖ ಇಷ್ಟು ಊದಿಕೊಂಡಿದ್ಯಾ?"

"ಬಾನೆಟ್ ಉಬ್ಬಿದೆ ಕಣೇ, ಮುಖ ಅಲ್ಲ. ಕೈ ಇಡಬೇಡ, ಇನ್ನೂ ಹಸಿ."

ಗ್ಯಾರೇಜಿನವನು ಕಾರಿಗೆ ಒಂದು ಸುತ್ತು ಹಾಕಿದ. ಆಮೇಲೆ ಗೋಡೆಯ ಮೊಳೆಯ ಮೇಲೆ ತೊಳೆದು ನೇತುಹಾಕಿದ್ದ ಗನ್ನಿನ ಕಡೆ ನೋಡಿದ, ಮಾವನ ಕಡೆ ನೋಡಿದ. "ಹಾಗಾದ್ರೆ ನಾನು ಬಂದಿದ್ದು ದಂಡ."

"ಅಯ್ಯೋ, ನಿನಗೆ ಫೋನ್ ಮಾಡಿ ಬರ್ಬೇಡ ಅನ್ನೋದು ಮರೆತೇಬಿಟ್ಟೆ ಕಣಪ್ಪ!" ಎಂದರು ಮಾವ, ಹಣೆ ಚಚ್ಚಿಕೊಂಡು.

ಮೊದಲು ನಕ್ಕವನು ಮಗ. ಸೊಸೆ ಪೆನ್ನು ತೆಗೆದುಕೊಂಡು ಹೋಗಿ ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದಳು. ಗ್ಯಾರೇಜಿನವನು ಆ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಗಲ್ಲ ಕೆರೆದುಕೊಂಡು, "ನನ್ನ ಹತ್ರ ಒಂದು ಹಳೇ ಕಾರಿನ ಬಾಗಿಲಿದೆ ಮೇಸ್ತ್ರಿ. ನಮ್ಮ ಹುಡುಗರ ಕೈಲಿ ಬಣ್ಣ ಹೊಂದ್ತಾ ಇಲ್ಲ. ಬುಧವಾರ ತಂದಿಡ್ಲಾ?" ಎಂದ.

ಮಾವ ಸೊಸೆಯ ಕಡೆ ತಿರುಗಿದರು. "ಬರ್ಕೋ ಕಣಮ್ಮ, ಬುಧವಾರ."