ಆ ಕೌಂಟಿಯ ಬಗ್ಗೆ ಅಕ್ಕನಿಗೆ ಹೇಳಿದ್ದು

ನಮ್ಮ ತಾಲೂಕಿನ ಹಾಗೆ ಅಮೆರಿಕದಲ್ಲಿ ಕೌಂಟಿ ಎಂದು ಇರುತ್ತದೆ ಎನ್ನುವುದು ನನಗೆ ಗೊತ್ತಾದದ್ದು ದೋಹಾದಲ್ಲಿ. ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಒಂದು ಕಂಪೆನಿಯ ಅಮೆರಿಕನ್ ಎಂಜಿನಿಯರಿಗೆ ಡ್ರೈವರ್ ಆಗಿದ್ದೆ. ಬೆಳಿಗ್ಗೆ ಅವರನ್ನು ಅಲ್ ಹಿಲಾಲ್‌ನ ವಿಲ್ಲಾದಿಂದ ಕರೆದೊಯ್ಯುವುದು, ಸಂಜೆ ತಂದು ಬಿಡುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಅವರ ಇಂಗ್ಲಿಷು ನನಗೆ ಅರ್ಥವಾಗುತ್ತಿತ್ತು. ನಿಧಾನಕ್ಕೆ ಮಾತಾಡುವ ಹಳ್ಳಿಯ ಮನುಷ್ಯ ಅವರು.

ನನಗೆ ವೀಸಾ ಮಾಡಿಸಿ ಕರೆಸಿಕೊಂಡವಳು ಅಕ್ಕ. ಅವಳು ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ಮದುವೆಯಾಗಿರಲಿಲ್ಲ. ಕಂಪೆನಿಯ ಕ್ಯಾಂಪಿನಲ್ಲಿ ನನ್ನ ಪಾಲಿಗೆ ಒಂದು ಬಂಕ್ ಬೆಡ್ ಇತ್ತು. ಆದರೆ ನಾನು ಮಲಗುತ್ತಿದ್ದದ್ದು ಓಲ್ಡ್ ಏರ್‌ಪೋರ್ಟ್ ಎನ್ನುವ ಬಡಾವಣೆಯಲ್ಲಿದ್ದ ಅವಳ ಫ್ಲ್ಯಾಟಿನ ಹಾಲಿನಲ್ಲಿ, ಉಣ್ಣುತ್ತಿದ್ದದ್ದು ಅವಳು ಮಾಡಿದ ಮೀನಿನ ಸಾರು. ನನ್ನ ಯೂನಿಫಾರ್ಮ್ ಇಸ್ತ್ರಿಯಾಗಿ ಕುರ್ಚಿಯ ಮೇಲೆ ಇರುತ್ತಿತ್ತು.

ಅಕ್ಕ ನರ್ಸ್ ಎಂದು ತಿಳಿದಾಗ ಸಾಹೇಬರು ತಾವಾಗಿಯೇ ಹೇಳಿದರು, ನಮ್ಮ ಕೌಂಟಿಯ ಆಸ್ಪತ್ರೆಗೆ ನರ್ಸುಗಳೇ ಸಿಗುವುದಿಲ್ಲ ಎಂದು. ಅವರ ತಂಗಿ ಅದೇ ಆಸ್ಪತ್ರೆಯ ಆಫೀಸಿನಲ್ಲಿದ್ದಳು. ಅಕ್ಕ ಅಮೆರಿಕದ ನರ್ಸಿಂಗ್ ಪರೀಕ್ಷೆಯನ್ನು ಮೊದಲೇ ಪಾಸು ಮಾಡಿ ಸುಮ್ಮನೆ ಕೂತಿದ್ದವಳು. ಅರ್ಜಿ ಹಾಕಿದಳು, ಸಾಹೇಬರ ತಂಗಿ ಅಲ್ಲಿ ಓಡಾಡಿದಳು, ಕೆಲಸ ಬಂತು. ಬರುತ್ತೇನೆ ಅಥವಾ ಇಲ್ಲ ಎಂದು ತಿಳಿಸುವುದಷ್ಟೇ ಬಾಕಿ.

ನಮ್ಮ ಕಡೆ ಹೆಣ್ಣಿಗೆ ಸಂಬಂಧ ಬಂದರೆ ಮನೆಯ ಗಂಡಸೊಬ್ಬ ಹೋಗಿ ಆ ಕಡೆಯ ವಿಚಾರಣೆ ಮಾಡಿ ಬರುತ್ತಾನೆ. ಅವನು ಬಂದು ಹೇಳಿದ್ದೇ ಹೇಳಿದ್ದು, ಮತ್ತೆ ಯಾರೂ ಕೆದಕುವುದಿಲ್ಲ. ಸಂಬಂಧ ತಪ್ಪಿಸಬೇಕೆಂದಿದ್ದರೆ ಅವನು ಸುಳ್ಳು ಹೇಳಬೇಕಾಗಿಯೂ ಇಲ್ಲ, ಕೇಳಿದ್ದರಲ್ಲಿ ಅರ್ಧ ಹೇಳಿದರೆ ಸಾಕು. ಸಾಹೇಬರನ್ನು ನೇರ ಕೇಳಲು ಅಕ್ಕನಿಗೆ ಸಂಕೋಚ. "ನೀನೇ ಕೇಳಿ ಬಾ ಮಾರಾಯ. ಊರು ಹೇಗುಂಟು, ಜನ ಹೇಗೆ, ಎಲ್ಲ ಕೇಳು" ಎಂದಳು.

ಮರುದಿನ ಸಂಜೆ ವಿಲ್ಲಾದ ಮುಂದೆ ಕಾರು ನಿಲ್ಲಿಸಿ ಕೇಳಿದೆ. ಅವರು ಇಳಿಯಲೇ ಇಲ್ಲ. ಡ್ಯಾಶ್‌ಬೋರ್ಡಿನ ಧೂಳಿನ ಮೇಲೆ ಬೆರಳಿನಿಂದ ಒಂದು ಚೌಕ ಎಳೆದರು. ಇದು ಕೌಂಟಿ ಎಂದರು. ರಸ್ತೆಗಳೂ ಚೌಕ, ಹೊಲಗಳೂ ಚೌಕ, ಎಲ್ಲ ಗೋಧಿ. ಮೂಲೆಯಲ್ಲಿ ಮಾತ್ರ ಒಂದು ನದಿ ಸೊಟ್ಟಗೆ ಹೋಗುತ್ತದೆ. ನಡುವೆ ಒಂದು ಪೇಟೆ, ಅಲ್ಲಿ ಕೋರ್ಟು, ಆಸ್ಪತ್ರೆ, ಇಗರ್ಜಿ. ಕೆಲವು ಹಳ್ಳಿಗಳ ಹೆಸರು ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಹುಡುಗರು ಸಿಟಿಗೆ ಹೋದರು, ಉಳಿದವರು ಮುದುಕರು. ಅವರು ಹೇಳಿದ್ದನ್ನು ಮನಸ್ಸಿನಲ್ಲೇ ಹೋಲಿಸಿ ನೋಡಿದೆ: ನಮ್ಮ ಎರಡು ತಾಲೂಕಿನಷ್ಟು ಜಾಗ, ನಮ್ಮ ಇಗರ್ಜಿಯ ಸಾಂತ್ಮಾರಿ ಹಬ್ಬಕ್ಕೆ ಸೇರುವಷ್ಟೂ ಜನ ಇಲ್ಲ.

ಆಮೇಲೆ ಉಳಿದದ್ದನ್ನೂ ಹೇಳಿದರು. ಹಿಮ ಬಿದ್ದರೆ ಪಕ್ಕದ ಹೊಲದವನು ಕರೆಯದೆಯೇ ಟ್ರ್ಯಾಕ್ಟರ್ ತಂದು ನಿಮ್ಮ ದಾರಿ ಬಿಡಿಸಿಕೊಡುತ್ತಾನಂತೆ. ತಂಗಿ ಒಬ್ಬಳೇ ಇರುವುದು, ಮಹಡಿಯ ಕೋಣೆ ಖಾಲಿ ಇದೆ, ನಿನ್ನ ಅಕ್ಕ ಅಲ್ಲೇ ಇರಬಹುದು, ಡ್ರೈವಿಂಗ್ ಕಲಿಯುವವರೆಗೆ ತಂಗಿಯೇ ಕಾರಿನಲ್ಲಿ ಕರೆದೊಯ್ಯುತ್ತಾಳೆ ಎಂದರು.

ಮನೆಗೆ ಬಂದಾಗ ಅಕ್ಕ ಬಂಗುಡೆ ಹುರಿಯುತ್ತಿದ್ದಳು. "ಎಂತ ಹೇಳಿದ್ರು?"

"ಜಾಗ ದೊಡ್ಡದುಂಟು. ಜನ ಇಲ್ಲ."

"ಜನ ಇಲ್ಲದ್ರೆ ಆಸ್ಪತ್ರೆ ಯಾರಿಗೆ, ದನಗಳಿಗಾ?"

"ಮುದುಕರಿದ್ದಾರಂತೆ."

"ಮುದುಕರಾದ್ರೆ ಒಳ್ಳೇದೇ. ಹಠ ಮಾಡಿದ್ರೆ ಬೈಯ್ಲಿಕ್ಕಾದ್ರೂ ಆಗ್ತದೆ." ಮೀನು ಮಗುಚಿದಳು. "ನಮ್ಮವರು ಯಾರಾದ್ರೂ?"

"ಮಾಫಿ, ಯಾರೂ ಇಲ್ಲ. ಇಂಡಿಯಾದವರೇ ಇಲ್ಲ. ಮಲಯಾಳಿ ಕೂಡ ಇಲ್ಲ."

"ಮಲಯಾಳಿ ಇಲ್ಲದ ಊರು ಅಂತ ಉಂಟಾ?" ಅಕ್ಕ ನಕ್ಕಳು.

ಆ ನಗು ಕೇಳಿದಾಗ ಅವಳು ಹೋಗಿಯೇ ಬಿಡುತ್ತಾಳೆ ಅನ್ನಿಸಿತು. ಕ್ಯಾಂಪಿನ ಬಂಕ್ ಬೆಡ್ಡು, ಅಲ್ಲಿನ ಸಾಲು ಕಕ್ಕಸುಗಳು ಕಣ್ಣ ಮುಂದೆ ಬಂದವು. ಹಿಮಕ್ಕೆ ರಸ್ತೆ ಮುಚ್ಚುತ್ತದೆ ಎಂದೆ. ಕೂಗಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲ, ಬಸ್ಸಿಲ್ಲ, ಕಾರು ಬಿಡಲು ಬಾರದವರು ಮನೆಯಲ್ಲೇ ಕೂತಿರಬೇಕು ಎಂದೆ. ಟ್ರ್ಯಾಕ್ಟರಿನ ಸುದ್ದಿ ಹೇಳಲಿಲ್ಲ. ಕೋಣೆಯ ಸುದ್ದಿ ಹೇಳಲಿಲ್ಲ.

ಅಕ್ಕ ಗ್ಯಾಸ್ ಆರಿಸಿದಳು. "ನಿನಗೆ ಎಂತ ಅನ್ನಿಸ್ತದೆ?"

"ನಾನೆಂತ ಹೇಳುದು ಅಕ್ಕ. ನೀನು ಕಲಿತವಳು."

ಅವಳು ಇಲ್ಲವೆಂದು ತಿಳಿಸಿದಳು. ತಿಳಿಸಿದ ದಿನ "ಖಲಾಸ್" ಎಂದಳು, ಅಷ್ಟೇ. ಸಾಹೇಬರಿಗೆ ನಾನು, ಅಕ್ಕನಿಗೆ ಚಳಿ ಒಗ್ಗುವುದಿಲ್ಲ ಎಂದೆ. ಆಮೇಲೆ ತಿಂಗಳುಗಟ್ಟಲೆ ಅವಳು ಕ್ಲಿನಿಕ್ಕಿನಿಂದ ಬಂದು ಚಪ್ಪಲಿ ಬಿಡದೆ ಸೋಫಾದಲ್ಲಿ ಸುಮ್ಮನೆ ಕೂರುವುದನ್ನು ನೋಡುತ್ತಿದ್ದೆ. ನೋಡಿಯೂ ಊಟಕ್ಕೆ ಏನಿದೆ ಎಂದೇ ಕೇಳುತ್ತಿದ್ದೆ.

ಮುಂದಿನ ಕ್ರಿಸ್ಮಸ್ಸಿನ ಹೊತ್ತಿಗೆ ಸಾಹೇಬರ ಕಾಂಟ್ರ್ಯಾಕ್ಟ್ ಮುಗಿಯಿತು. ಅವರನ್ನು ಏರ್‌ಪೋರ್ಟಿಗೆ ಬಿಡಲು ಹೊರಟಾಗ ಅಕ್ಕನೂ ಬಂದಳು. ತನಗಾಗಿ ಅಷ್ಟು ಓಡಾಡಿದ ಆ ತಂಗಿಗೆ ಕೊಡಲೆಂದು ಒಂದು ಡಬ್ಬಿ ಕುಸ್ವಾರ್, ನಮ್ಮ ಕ್ರಿಸ್ಮಸ್ ತಿಂಡಿ, ಮಾಡಿ ತಂದಿದ್ದಳು. ಸಾಹೇಬರು ಡಬ್ಬಿ ತೆಗೆದುಕೊಂಡು ಅಕ್ಕನ ಕೈ ಕುಲುಕಿದರು. ನಾನು ಟ್ರಾಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ನೀವು ಮನಸ್ಸು ಬದಲಾಯಿಸಬಹುದೆಂದು ನನ್ನ ತಂಗಿ ಬೇಸಿಗೆಯವರೆಗೂ ಆ ಕೋಣೆಯನ್ನು ಬೇರೆ ಯಾರಿಗೂ ಕೊಡಲಿಲ್ಲ.

ಅಕ್ಕ ಥ್ಯಾಂಕ್ಯೂ ಎಂದಳು. ನನ್ನ ಕಡೆ ನೋಡಲಿಲ್ಲ.

ವಾಪಸು ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಸಾಹೇಬರು ಕೂರುತ್ತಿದ್ದ ಮುಂದಿನ ಸೀಟು ಖಾಲಿ ಇತ್ತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು, "ಆ ರೂಮಿಗೆ ಕಿಟಕಿ ಉಂಟಂತಾ?"

ಸಾಹೇಬರು ಕಿಟಕಿಯ ಮಾತೇ ಎತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು.

"ಎರಡುಂಟಂತೆ" ಎಂದೆ. "ಒಂದರಲ್ಲಿ ನದಿ ಕಾಣ್ತದಂತೆ."

"ಹೌದಾ" ಎಂದಳು ಅಕ್ಕ. ಹಿಂದಿನವರು ಹಾರ್ನ್ ಹಾಕಿದರು, ನಾನು ಗಾಡಿ ಮುಂದೆ ಬಿಟ್ಟೆ.