ಎದುರುಬದುರು ನಿಂತ ವೀರಗಲ್ಲುಗಳು

ದೆವ್ವ, ಗಾಳಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಯಾರಾದರೂ ಇಂಥ ಕತೆ ತೆಗೆದರೆ ಮುಖಕ್ಕೇ ನಕ್ಕುಬಿಡುವ ಚಾಳಿ ನನ್ನದು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಯಜಮಾನರದು ಐಹೊಳೆಯ ಆಚೆ, ಹೊಳೆದಂಡೆಯ ಊರು. ಹಳೆಯ ದೇಸಾಯರ ಮನೆತನ. ದೇಸಗತಿ ಹೋಗಿ ಹೆಸರಷ್ಟೇ ಉಳಿದಿದೆ. ಊರ ಗುಡಿಯೊಳಗೆ ಆ ಮನೆತನದ ಇಬ್ಬರು ಅಣ್ಣತಮ್ಮಂದಿರ ವೀರಗಲ್ಲುಗಳಿವೆ. ಇಬ್ಬರೂ ಒಬ್ಬರನ್ನೊಬ್ಬರು ಕಡಿದುಕೊಂಡು ಸತ್ತರಂತೆ. ಯಾಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದಿನವರು ಆ ಕಲ್ಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದ್ದರು. ನವರಾತ್ರಿಗೆ ಮುಂಚಿನ ಅಮಾವಾಸ್ಯೆಗೆ ಮನೆಯ ಹಿರಿಯ ಮಗ ಅಣ್ಣನ ಕಲ್ಲಿಗೆ, ಕಿರಿಯ ಮಗ ತಮ್ಮನ ಕಲ್ಲಿಗೆ ಎಣ್ಣೆ ಹಚ್ಚಬೇಕು. ಜಗಳಾಡಿ ಮಗ್ಗುಲು ತಿರುಗಿ ಮಲಗಿದ ಗಂಡಹೆಂಡಿರ ಹಾಗಿವೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಗುಡಿಯ ಜೀರ್ಣೋದ್ಧಾರ ನಡೆಯಿತು. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸುವಾಗ ಆ ಕಲ್ಲುಗಳನ್ನು ಕಿತ್ತು, ನೋಡುವವರಿಗೆ ಚೆಂದ ಕಾಣಲೆಂದು ಎರಡು ಗೋಡೆಗೆ ಎದುರುಬದುರಾಗಿ ನಿಲ್ಲಿಸಿದರು. ನಮ್ಮ ಅತ್ತೆ ಒಂದು ಹೊತ್ತಿನ ಊಟ ಬಿಟ್ಟು ಹಟ ಹಿಡಿದರು.

"ಅವರು ಒಬ್ಬರ ಮಾರಿ ಒಬ್ಬರು ನೋಡಬಾರದವ್ವಾ."

ಕಲ್ಲಿಗೆ ಕಣ್ಣೆಲ್ಲಿಂದ ಬಂತು ಎಂದು ನಾನು, ನಮ್ಮವರು, ಮೈದುನ ಶೇಖರ ಮೂವರೂ ನಕ್ಕೆವು. ಶೇಖರನಿಗೆ ಬಾದಾಮಿಯ ಬ್ಯಾಂಕಿನಲ್ಲಿ ನೌಕರಿ. ಅವನಿಗೆ ಅಣ್ಣನೆಂದರೆ ಜೀವ. ಇಬ್ಬರೂ ದನಿ ಏರಿಸಿ ಮಾತಾಡಿದ್ದನ್ನು ನಾನೊಮ್ಮೆಯೂ ಕೇಳಿರಲಿಲ್ಲ.

ಆ ಅಮಾವಾಸ್ಯೆಯ ಮಧ್ಯಾಹ್ನ ಗುಡಿಯಲ್ಲಿ ನಾವು ಮೂವರೇ ಇದ್ದೆವು. ಗೌಂಡಿಗಳು ಬಿಟ್ಟುಹೋದ ಹಾರೆ, ಬುಟ್ಟಿಗಳು ಮೂಲೆಯಲ್ಲಿದ್ದವು.

"ವೈನಿ, ಎಣ್ಣಿ ಬಟ್ಟಲಾ ಇತ್ತಾಗ ಕೊಡ್ರಿ. ನಮ್ಮ ಮುತ್ಯಾಗ ಜಳಕಾ ಮಾಡಸ್ತೇನಿ," ಎಂದು ಶೇಖರ ನಗುತ್ತ ಕೂತ. ಅಣ್ಣತಮ್ಮ ಬೆನ್ನು ತಿರುಗಿಸಿ ತಮ್ಮತಮ್ಮ ಕಲ್ಲಿಗೆ ಎಣ್ಣೆ ಹಚ್ಚತೊಡಗಿದರು.

ನಮ್ಮವರ ಕೈ ನಿಂತಿತು. ತಿರುಗದೆಯೇ ಕೇಳಿದರು: "ಹುಣಸಿಮರದ ಹೊಲಾ ಯಾರದು?"

ನಮಗೆ ಅಂಥ ಹೊಲವೇ ಇಲ್ಲ.

"ನಂದು. ಏನ್ ಮಾಡ್ತೀ ಮಾಡಲೇ," ಎಂದ ಶೇಖರ.

ಅಣ್ಣನಿಗೆ ಲೇ ಎನ್ನುವ ಹುಡುಗನಲ್ಲ ಅವನು. ನಾನು ಅವನತ್ತ ತಿರುಗಿದೆ. ಅಷ್ಟರಲ್ಲಿ ನಮ್ಮವರು ಹಾರೆ ಎತ್ತಿ ಅವನ ಭುಜಕ್ಕೆ ಹೊಡೆದಿದ್ದರು. ಎಲುಬು ಮುರಿದ ಸಪ್ಪಳ ಕೇಳಿಸಿತು. ಶೇಖರ ಚೀರಲಿಲ್ಲ. ಒಂದೇ ಕೈಯಲ್ಲಿ ಅಣ್ಣನ ಗಂಟಲು ಹಿಡಿದು, ತೆಂಗಿನಕಾಯಿ ಒಡೆಯುವ ಹಾಗೆ ತಲೆಯನ್ನು ಗೋಡೆಗೆ ಬಡಿದ. ನಡುವೆ ನುಗ್ಗಿದ ನನ್ನನ್ನು ನಮ್ಮವರೇ ನೂಕಿ ಕೆಡವಿದರು. ಆ ಕಣ್ಣುಗಳಿಗೆ ನನ್ನ ಗುರುತೇ ಇರಲಿಲ್ಲ. ಮತ್ತೆ ಹಾರೆ ಎತ್ತಿದರು.

ನನಗೆ ಅದು ಹೇಗೆ ತೋಚಿತೋ ಗೊತ್ತಿಲ್ಲ. ಎಣ್ಣೆ ಒರೆಸಲು ತಂದ ಬಟ್ಟೆ ಎಳೆದುಕೊಂಡು ಅಣ್ಣನ ಕಲ್ಲಿನ ಮುಖಕ್ಕೆ ಹೊದಿಸಿದೆ. ಹಾರೆ ನಮ್ಮವರ ಕೈಯಿಂದ ಜಾರಿತು. "ಶೇಖರಾ, ಏನಾತೋ ನಿನಗ?" ಎಂದು ಗಾಬರಿಯಿಂದ ಕೇಳಿದರು.

ಆದರೆ ಶೇಖರ ನಿಂತಿರಲಿಲ್ಲ. ಬಿದ್ದ ಹಾರೆಯನ್ನು ಅವನೇ ಎತ್ತಿಕೊಂಡ. ನಮ್ಮವರು ತಿರುಗಿ ಹೊಡೆಯಲಿಲ್ಲ, ಕೈ ಅಡ್ಡ ಹಿಡಿದರಷ್ಟೆ. ಮೊದಲ ಏಟಿಗೆ ಬಲಗೈ ಜಜ್ಜಿಹೋಯಿತು. ಎರಡನೆಯದು ತಲೆಗೇ ಬೀಳುವುದಿತ್ತು. ನಾನು ಓಡಿಹೋಗಿ ತಮ್ಮನ ಕಲ್ಲನ್ನು ಅಪ್ಪಿಕೊಂಡು ಎದೆಯಿಂದ ಮುಚ್ಚಿದೆ. ಬೆನ್ನ ಹಿಂದೆ ಹಾರೆ ನೆಲಕ್ಕೆ ಬಿದ್ದು ಗಣಗಣ ಸದ್ದಾಯಿತು. ಆಮೇಲೆ ಶೇಖರನ ಅಳು ಕೇಳಿಸಿತು.

"ಅಣ್ಣಾ, ಯಾರು ಹೊಡದರೋ ನಿನಗ?"

ಬಾಗಲಕೋಟೆಯ ದವಾಖಾನೆಯಲ್ಲಿ ಇಬ್ಬರೂ ಹೇಳಿದ್ದು ಒಂದೇ: ಕಲ್ಲು ಮೈಮೇಲೆ ಬಿತ್ತು. ಸುಳ್ಳಲ್ಲ, ಅವರು ಹಾಗೆಂದೇ ನಂಬಿದ್ದಾರೆ. ತಲೆಗೆ ಬಿದ್ದ ಪೆಟ್ಟಿಗೋ ಏನೋ, ಕೊನೆಗೆ ಶೇಖರ ಹೊಡೆದದ್ದೂ ನಮ್ಮವರ ನೆನಪಿನಲ್ಲಿ ಉಳಿದಿರಲಿಲ್ಲ. ಅತ್ತೆ ಪಟ್ಟು ಹಿಡಿದು ಕಲ್ಲುಗಳನ್ನು ಮೊದಲಿನಂತೆ ನಿಲ್ಲಿಸಿದರು. ಅಮಾವಾಸ್ಯೆಯ ಉಪವಾಸ, ಸೆಕೆ, ಹೊಸ ಗ್ರಾನೈಟಿನ ಪಾಲಿಶಿನ ವಾಸನೆ, ಏನೇನೋ ಕಾರಣ ಹುಡುಕಿದೆ. ಯಾವುದೂ ಹುಣಸೆಮರದ ಹೊಲದವರೆಗೆ ಬರಲಿಲ್ಲ.

ನಮ್ಮವರ ಬಲಗೈ ಬೆರಳು ಇನ್ನೂ ಮಡಚುವುದಿಲ್ಲ. ಶೇಖರ ಬಂದಾಗಲೆಲ್ಲ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಕೊಡುತ್ತಾನೆ, ಆ ಕಲ್ಲಿಗೆ ಶಾಪ ಹಾಕುತ್ತಾನೆ. ನಾನು ಸುಮ್ಮನೆ ಬಡಿಸುತ್ತೇನೆ. ಏನೂ ಮಾಡದವನನ್ನು ಕ್ಷಮಿಸುವುದು ಹೇಗೆ? ಅವನು ವಸ್ತಿ ಉಳಿದ ದಿನ ನಮ್ಮ ಕೋಣೆಯ ಚಿಲಕ ಹಾಕುತ್ತೇನೆ. ನಮ್ಮವರು ಪ್ರತಿ ಸಲ ಕೇಳುತ್ತಾರೆ:

"ಯಾಕ ಹಾಕ್ತೀ? ಹೊರಗ ಇರಾಂವ ನನ್ನ ತಮ್ಮ ಅಲ್ಲೇನು?"