ಮಾಮಾನ ದನಿ, ಅತ್ತಿಯ ಕಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ಕಾರಿನದಲ್ಲ, ಮಾಮಾನದಲ್ಲ, ಅತ್ತಿಯ ಕಾಲಿನದಂತೂ ಅಲ್ಲವೇ ಅಲ್ಲ. ಬ್ರೇಕಿನೊಳಗೆ ಗಾಳಿ ಹೊಗಿಸಿದ್ದು ನನ್ನ ಬಾಯಿ.

ನನಗೆ ಮಂದಿಯ ದನಿ ತೆಗೆಯುವ, ಅವರಂತೆಯೇ ಮಾತಾಡುವ ಚಟ. ಅಫಜಲಪುರದ ಬಸ್ ಕಂಡಕ್ಟರನಿಂದ ಹಿಡಿದು ನಮ್ಮ ಮನೆಗೆ ಹಾಲು ಹಾಕುವವಳ ತನಕ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ದನಿಗೆ ಮಾತ್ರ ಅಲ್ಲಿ ಖೋಲಿ ಸಿಕ್ಕಿಲ್ಲ.

ಅವ್ವನ ತಮ್ಮ, ಅಂದರೆ ನನ್ನ ಮಾಮಾ, ಸೊಲ್ಲಾಪುರದಿಂದ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಕೂತರೆ ನೆಲಕ್ಕೇ ಕೂತಂತೆ. ಬೇರೆ ಕಡೆ ಇಂಥ ಕಾರನ್ನು ಇನ್ನೂ ತಗ್ಗಿಸುತ್ತಾರಂತೆ. ಮಾಮಾ ನಮ್ಮ ರಸ್ತೆಗಳಿಗೆ ಹೆದರಿ ಸ್ಪ್ರಿಂಗಿಗೆ ಬಿಲ್ಲೆ ಕೂಡಿಸಿ ಎರಡು ಬೆರಳು ಎತ್ತರಿಸಿದ್ದ. ಎರಡು ವರ್ಷ ಅಂಗಳದಲ್ಲಿ ಅದರ ಹೊಟ್ಟೆಯಡಿಯೇ ಅವನ ಸಂಸಾರ. ಅವನ ಹೆಂಡತಿ, ನನ್ನ ಅತ್ತಿ, ಅದರಲ್ಲಿ ಒಮ್ಮೆಯೂ ಊರು ದಾಟಿರಲಿಲ್ಲ.

"ಹೋಗೂದು ಎಲ್ಲಾ ಗಾಡಿನೂ ಹೋಗ್ತಾವ. ನಿಂದ್ರತಾವೇನು, ಅದನ್ನ ಹೇಳ್ರಿ," ಎನ್ನುತ್ತಿದ್ದಳು.

ಅದಕ್ಕೇ ಮಾಮಾ ಮುಂದಿನ ಹಳೆಯ ಡ್ರಮ್ ಬ್ರೇಕು ಕಿತ್ತು ಡಿಸ್ಕ್ ಹಾಕಿದ. ಬ್ರೇಕಿನ ಎಣ್ಣೆಯಿಂದ ಹವಾ ತೆಗೆಯುವ ದಿನ ಪೆಡಲು ತುಳಿಯಲು ಆಕೆಯನ್ನೇ ಕೂಡಿಸಿದ. ಕೆಲಸ ಮುಗಿದರೆ ಅದೇ ಕಾರಿನಲ್ಲಿ ಇಬ್ಬರೂ ಜೇವರ್ಗಿಗೆ, ಆಕೆಯ ತವರಿಗೆ ಹೋಗುವುದೆಂದು ಮಾತಾಗಿತ್ತು.

ಬ್ರೇಕಿನ ಹವಾ ತೆಗೆಯುವುದು ಇಬ್ಬರ ಕೆಲಸ. ಕೆಳಗಿದ್ದವನು "ಒತ್ತು" ಅಂದಾಗ ಮೇಲಿದ್ದವರು ಪೆಡಲು ಒತ್ತಿ ಹಿಡಿಯಬೇಕು. ಅವನು ಗಾಲಿಯ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸುತ್ತಾನೆ, ಅದಕ್ಕೆ ಸಿಕ್ಕಿಸಿದ ತಿಳಿ ಪೈಪಿನಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಹೊರಬರುತ್ತವೆ. ಮತ್ತೆ ಬಿಗಿ ಮಾಡಿದ ಮೇಲೆಯೇ "ಬಿಡು". ಮೊದಲೇ ಬಿಟ್ಟರೆ ಹೊರಗಿನ ಗಾಳಿ ಒಳಗೆ. ಮೇಲಿದ್ದವರಿಗೆ ಕೆಳಗಿನವನು ಕಾಣುವುದಿಲ್ಲ. ದನಿಯನ್ನೇ ನಂಬಬೇಕು.

ಮಾಮಾ ಮುಂಜಾನೆಯೇ ಹೇಳಿದ್ದ: "ಇವತ್ತ ಯಾರ ದನಿನೂ ತೆಗೀಬ್ಯಾಡ. ತೆಗದಿ ಅಂದ್ರ ಮತ್ತ ಗಾಡಿ ಮುಟ್ಟಸಂಗಿಲ್ಲ ನೋಡು ನಿನ್ನ."

ಮೂರು ಗಾಲಿಗಳ ತನಕ ತಡೆದುಕೊಂಡೆ. ನಾಲ್ಕನೆಯದರಲ್ಲಿ ನಿಪ್ಪಲ್ ಇನ್ನೂ ಸಡಿಲವಾಗಿತ್ತು, ಮಾಮಾ ಆಚೆ ಹೊರಳಿ ಒರೆಸುವ ಬಟ್ಟೆ ತಡಕುತ್ತಿದ್ದ, ಓಣಿಯಲ್ಲಿ ಟ್ರ್ಯಾಕ್ಟರು ಗುಡುಗುತ್ತಿತ್ತು. ನಾನು ಅತ್ತಿಯ ಕಿವಿಯ ಬಳಿ ಬಾಗಿ, ಮಾಮಾನ ಮೂಗಿನ ದನಿಯಲ್ಲಿ "ಬಿಡು" ಅಂದೆ.

ಬಿಟ್ಟಳು. ನನ್ನ ಕಾಲ ಬುಡದಲ್ಲೇ ಇದ್ದ ತಿಳಿ ಪೈಪಿನೊಳಗೆ ಬೆರಳುದ್ದದ ಗುಳ್ಳೆ ಸರಕ್ಕನೆ ಒಳಗೆ ಜಾರಿತು.

ಮಾಮಾ ಹೊರಳಿ ಬಂದು ಬಿಗಿ ಮಾಡಿ "ಬಿಡು" ಅಂದ. "ಬಿಟ್ಟೀನಲ್ರಿ!" ಅಂದಳು ಅತ್ತಿ. ಈಗಷ್ಟೇ ಬಿಟ್ಟಳೆಂದುಕೊಂಡು ಅವನು ಎದ್ದು ತಾನೇ ನಾಲ್ಕೈದು ಸಲ ಪೆಡಲು ತುಳಿದ. ಹಾಗೆ ತುಳಿದರೆ ಹಾಳು ಬ್ರೇಕೂ ಗಟ್ಟಿಯಾಗುತ್ತದೆ. "ಝಕಾಸ್," ಅಂದ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿ ಹೊಸ ಸೀರೆ ಉಟ್ಟು ಬಂದಳು, ಮಾಮಾ ಆಕೆಯ ಸೀಟು ಒರೆಸತೊಡಗಿದ. ಒಂದು ಗುಳ್ಳೆಗೆ ಏನಾಗುತ್ತದೆ ಅಂದುಕೊಂಡೆ. ಆದರೂ ಅವರಿಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. "ಹಿಂದಿಂದ ವಿಡಿಯೋ ತೆಗೀತೀನಿ," ಎಂದು ಸುಳ್ಳು ಹೇಳಿ ಮಾಮಾನ ಬೈಕು ಹತ್ತಿದೆ.

ಊರಾಚೆಯ ಮೊದಲ ಉಬ್ಬು ಬಂತು. ಕಾರಿನ ಹಿಂದಿನ ಕೆಂಪು ದೀಪ ಹತ್ತಿತು, ಆರಿತು, ಹತ್ತಿತು, ಮತ್ತೆ ಆರಿತು. ಮಾಮಾ ತುಳಿದು ತುಳಿದು ಬ್ರೇಕು ಹುಡುಕುತ್ತಿದ್ದ. ಅತ್ತಿ ಪಕ್ಕದಲ್ಲಿರುವಾಗ ಬ್ರೇಕು ಸರಿಯಿಲ್ಲವೆಂದು ಒಪ್ಪುವ ಗಂಡಸಲ್ಲ ಅವನು. ರಸ್ತೆ ಇಳಿಜಾರಾಯಿತು. ಕೆಳಗೆ ಕಬ್ಬು ತುಂಬಿದ ಎರಡು ಟ್ರೇಲರುಗಳು ತೆವಳುತ್ತಿದ್ದವು.

ಬೈಕನ್ನು ಕಾರಿನ ಪಕ್ಕಕ್ಕೆ ತಂದೆ. ಮಾಡು ತೆರೆದಿತ್ತು.

"ಮಾಮಾ, ನಿಂದ್ರಸ್ರಿ! ಬ್ರೇಕಿನ್ಯಾಗ ಹವಾ ಅದ!"

ಅತ್ತಿ ನಕ್ಕಳು. "ಇದ್ಯಾರ ದನಿಲೇ? ಹೊಸದು ಬಂದದಲ್ಲ!"

"ನಂದ, ಅತ್ತಿ! ನಂದ ದನಿ!"

ಅವಳ ನಗು ನಿಂತಿತು. ಮಾಮಾ ಒಂದೊಂದೇ ಗೇರು ಇಳಿಸಿದ, ಹ್ಯಾಂಡ್‌ಬ್ರೇಕು ಎಳೆದ. ಕಾರು ಸೊಟ್ಟಗೆ ಜಾರುತ್ತ ಪಕ್ಕದ ಎರೆಮಣ್ಣಿಗೆ ಇಳಿದು, ಜೋಲುತ್ತಿದ್ದ ಕಬ್ಬಿನ ತುದಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಟ್ರೇಲರುಗಳು ಏನೂ ಗೊತ್ತಿಲ್ಲದೆ ಮುಂದೆ ಹೋದವು.

ಎಲ್ಲ ಹೇಳಿದೆ. ಪೈಪು, ಗುಳ್ಳೆ, ಟ್ರ್ಯಾಕ್ಟರು, ಒಂದೂ ಬಿಡಲಿಲ್ಲ. ಮಾಮಾ ಕಾರಿನಿಂದಿಳಿದು ಕೈ ಚಾಚಿದ. "ಬೈಕಿನ ಕೀಲಿ ಕೊಡು. ಇನ್ನ ನಮ್ಮ ಅಂಗಳ ತುಳೀಬ್ಯಾಡ," ಅಂದ.

ಅತ್ತಿಯೂ ಇಳಿದಳು. ಬಸ್ಸಿಗೆ ಕೈ ಮಾಡುತ್ತಾಳೆ ಅಂದುಕೊಂಡೆವು, ಇಬ್ಬರೂ. ಅವಳು ಡಿಕ್ಕಿ ತೆಗೆದು ಜಾಕು, ಪಾನಾ, ಎಣ್ಣೆಯ ಬಾಟ್ಲಿ, ಪೈಪು ನನ್ನ ಮುಂದೆ ಇಟ್ಟಳು. ಆಚೆಯಿಂದ ಸುತ್ತಿಬಂದು ಮಾಮಾನ ಸೀಟಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಪೆಡಲಿನ ಮೇಲೆ ಬರಿಗಾಲಿಟ್ಟಳು.

"ಅವರ ದನಿ ತೊಗೊಂಡಿ, ಇನ್ನ ಅವರ ಜಾಗಾನೂ ತೊಗೊ. ಗಾಡಿ ಬುಡಕ ಮಲ್ಕೊಂಡು ಒದರು, ನಿನ್ನ ದನೀಲೆ!"